ಮೋಟಾರಿನ ಮೂಗು

ಅನ್ನವಿಲ್ಲದೆ ಮನುಷ್ಯ ಕೆಲವು ವಾರ ಬದುಕಿಯಾನು, ನೀರಿಲ್ಲದೆ ಕೆಲವು ದಿನ ಬದುಕಿಯಾನು; ಗಾಳಿಯಿಲ್ಲದೆ ಕೆಲವು ನಿಮಿಷಗಳ ಮೇಲೆ ಬದುಕಲಾರ. ಆದರೂ ನಮ್ಮ ಲಕ್ಷ್ಯವೆಲ್ಲ ಅನ್ನದ ಮೇಲೆಯೇ. ದುಡ್ಡು ಕೊಟ್ಟು ತಂದದ್ದಕ್ಕೆ ಲೆಕ್ಕವಿಡುತ್ತೇವೆ, ಪುಕ್ಕಟೆ ದೊರೆತದ್ದನ್ನು ಮರೆಯುತ್ತೇವೆ. ಮೋಟಾರಿನ ವಿಷಯದಲ್ಲಿಯೂ ನಮ್ಮ ನಡತೆ ಹೀಗೆಯೇ. ಪೆಟ್ರೋಲಿನ ದರ ಒಂದು ರೂಪಾಯಿ ಏರಿದರೆ ಮನೆಮನೆಗಳಲ್ಲಿ ಚರ್ಚೆ ನಡೆಯುತ್ತದೆ. ಆದರೆ ಆ ಒಂದು ಲೀಟರು ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ಒಂಬತ್ತು ಸಾವಿರ ಲೀಟರಿಗೂ ಮಿಕ್ಕಿ ಗಾಳಿ ಬೇಕು ಎಂಬ ಸಂಗತಿ ಎಷ್ಟು ಜನರಿಗೆ ಗೊತ್ತು? ತೂಕದ ಲೆಕ್ಕದಲ್ಲಿ ಹೇಳುವುದಾದರೆ ಒಂದು ಪಾಲು ಪೆಟ್ರೋಲಿಗೆ ಹದಿನಾಲ್ಕೂಮುಕ್ಕಾಲು ಪಾಲಿನಷ್ಟು ಗಾಳಿ. ಕಾರು ಕುಡಿಯುವುದು ಕಡಿಮೆ, ಉಸಿರಾಡುವುದೇ ಹೆಚ್ಚು.

ಸುಮ್ಮನೆ ಕುಳಿತಿರುವ ಮನುಷ್ಯನೊಬ್ಬ ನಿಮಿಷಕ್ಕೆ ಆರೆಂಟು ಲೀಟರು ಗಾಳಿಯನ್ನು ಒಳಗೆಳೆದುಕೊಳ್ಳುತ್ತಾನೆ. ಸಾವಿರದ ಇನ್ನೂರು ಸಿ.ಸಿ.ಯ ಸಣ್ಣದೊಂದು ಟರ್ಬೊ ಎಂಜಿನು ನಿಮಿಷಕ್ಕೆ ಐದು ಸಾವಿರ ಸುತ್ತು ತಿರುಗುತ್ತ ಪೂರ್ಣ ಶಕ್ತಿಯಿಂದ ದುಡಿಯುವಾಗ ನಿಮಿಷಕ್ಕೆ ನಾಲ್ಕು ಸಾವಿರ ಲೀಟರಿಗೂ ಹೆಚ್ಚು ಗಾಳಿಯನ್ನು ನುಂಗುತ್ತದೆ. ಅಂದರೆ ಒಂದೊಂದು ಸೆಕೆಂಡಿಗೆ ಒಂದೊಂದು ದೊಡ್ಡ ಹಂಡೆಯಷ್ಟು. ಇಷ್ಟು ಗಾಳಿ ಒಳಹೋಗುವ ದಾರಿಯನ್ನು ಮೋಟಾರಿನ ಮೂಗು ಎಂದು ಕರೆದರೆ ತಪ್ಪಾಗಲಾರದು. ಬಾನೆಟ್ಟಿನ ಮುಂಭಾಗದಲ್ಲಿ ಒಂದು ಚಪ್ಪಟೆ ಬಾಯಿ, ಅದರ ಹಿಂದೆ ಒಂದು ಕರಿಯ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಮಡಿಕೆ ಮಡಿಕೆಯಾಗಿ ಕಾಗದದ ಫಿಲ್ಟರು, ಅಲ್ಲಿಂದ ಟರ್ಬೊವಿಗೆ ಒಂದು ರಬ್ಬರು ಕೊಳವೆ. ಇಷ್ಟೇ ಅದರ ಸಂಸಾರ. ಈ ಮೂಗನ್ನು ಕಿತ್ತು ಬೇರೊಂದು ಮೂಗನ್ನು ಕೂಡಿಸುವ ಪ್ರಶ್ನೆ ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಎದ್ದಿತು. ಪುಣೆ, ಮುಂಬಯಿಗಳಲ್ಲಿರುವ ನಮ್ಮ ವಾಚಕರ ಮನೆಗಳಲ್ಲಿಯೂ ಮೋಟಾರಿನ ಹುಚ್ಚಿನ ತರುಣರು ಇದ್ದೇ ಇರುತ್ತಾರೆ. ಅಲ್ಲಿಯೂ ಈ ಪ್ರಶ್ನೆ ಇಂದಲ್ಲ ನಾಳೆ ಏಳಬಹುದಾದ್ದರಿಂದ ನಮ್ಮಲ್ಲಿ ನಡೆದುದನ್ನು ಬರೆದಿಡುತ್ತೇನೆ.

ನಮ್ಮ ಚಿರಂಜೀವಿ ತನ್ನ ಸ್ವಂತ ಸಂಪಾದನೆಯಿಂದ ಕೊಂಡ ಕಾರು ಅದು. ಹೆಸರು ಹೇಳಿದರೆ ಜಾಹೀರಾತಾದೀತು. ಟರ್ಬೊ ಉಳ್ಳ ಸಣ್ಣ ಪೆಟ್ರೋಲು ಗಾಡಿ ಎಂದರೆ ಸಾಕು. ಅವನಿಗೆ ಅದರ ಮೇಲೆ ಬಹಳ ಮೋಹ. ಒಂದು ರಾತ್ರಿ ಊಟಕ್ಕೆ ಕುಳಿತಾಗ, "ಅಪ್ಪಾ, ಗಾಡಿಗೆ ಕೋಲ್ಡ್ ಏರ್ ಇನ್‌ಟೇಕ್ ಹಾಕಸಬೇಕಂತ ಮಾಡೀನಿ" ಎಂದ. "ಮನ್ಯಾಗ ಇನ್ನೂ ಏರ್ ಕಂಡೀಶನ್ ಇಲ್ಲ, ಎಂಜಿನಕ್ಕ ತಂಪು ಗಾಳಿಯೇನು?" ಎಂದು ನಮ್ಮಾಕೆ ಕೇಳಿದಳು. ಬೆಲೆ ಎಷ್ಟೆಂದು ನಾನು ಕೇಳಿದೆ. ಹೊರದೇಶದ ಪೂರ್ಣ ಸಾಮಾನಿಗೆ ಮೂವತ್ತು ಸಾವಿರ ರೂಪಾಯಿಯ ಸಮೀಪ. ಊಟದ ಎಲೆಯ ಸುತ್ತ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಹಣ ಅವನದು, ಗಾಡಿ ಅವನದು. ಬೇಡವೆನ್ನಲು ನನಗೆ ಅಧಿಕಾರವಿರಲಿಲ್ಲ. ಆದರೆ ಆ ಗಾಡಿ ಬರಿಯ ಅವನ ಷೋಕಿಯ ವಸ್ತುವಲ್ಲ. ಎಂಬತ್ತು ದಾಟಿದ ನನ್ನ ತಾಯಿ ವರ್ಷಕ್ಕೆರಡು ಸಲ ಧಾರವಾಡದಿಂದ ಪುಣೆಗೆ ಬಂದು ಹೋಗುವುದು ಅದರಲ್ಲಿಯೇ. ನಾನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ನಡುವೆ ಖಂಬಾಟಕಿ ಘಾಟು. ಸಾತಾರೆಯಿಂದ ಕಾಗಲದವರೆಗೆ ಈಚಿನ ವರ್ಷಗಳಲ್ಲಿ ರಸ್ತೆ ಅಗಲ ಮಾಡುವ ಕೆಲಸ ನಡೆದು ಮೈಲುಗಟ್ಟಲೆ ಕೆಂಪು ಧೂಳು. ದಾರಿಯಲ್ಲಿ ಎಂಜಿನು ಕೈಕೊಟ್ಟರೆ ಆ ಮುದುಕಿಯನ್ನು ಬಿಸಿಲಿನಲ್ಲಿ ಎಲ್ಲಿ ಕೂಡಿಸುವುದು? ಈ ಮಾತನ್ನು ಆಡಿದೆ. ಚಿರಂಜೀವಿ ಸಿಟ್ಟಾಗಲಿಲ್ಲ. "ಹಾಂಗಾದ್ರ ನೀವs ಆರಿಸಿಕೊಡ್ರಿ, ಯಾವುದು ಛಲೋ ಅಂತ" ಎಂದುಬಿಟ್ಟ. ಕೆಲವು ವರ್ಷಗಳಿಂದ ನಮ್ಮಿಬ್ಬರ ಸಂಭಾಷಣೆ 'ಊಟ ಆಯಿತೆ', 'ಬಂದೆಯಾ' ಎಂಬಲ್ಲಿಗೆ ಬಂದು ನಿಂತಿತ್ತು. ಅವನಾಗಿ ನನ್ನನ್ನೊಂದು ವಿಷಯ ಕೇಳಿದ್ದು ಬಹಳ ದಿನಗಳ ಮೇಲೆ. ಆದ್ದರಿಂದ ಕೆಲಸವನ್ನು ಒಪ್ಪಿಕೊಂಡೆ.

ಮೊದಲು ಟರ್ಬೊ ಎಂದರೇನು ಎಂಬುದನ್ನು ತಿಳಿದುಕೊಳ್ಳಬೇಕು. ಎಂಜಿನಿನಿಂದ ಹೊರಬೀಳುವ ಬಿಸಿ ಹೊಗೆಯಲ್ಲಿ ಇನ್ನೂ ಬಹಳ ಶಕ್ತಿ ಉಳಿದಿರುತ್ತದೆ. ಆ ಹೊಗೆಯಿಂದ ಒಂದು ಸಣ್ಣ ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಅದುಮಿ ಎಂಜಿನಿನೊಳಕ್ಕೆ ತುಂಬುವುದೇ ಟರ್ಬೊವಿನ ಕೆಲಸ. ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಶಿ ಎಂಬ ಎಂಜಿನಿಯರು 1905ರಲ್ಲಿಯೇ ಈ ಉಪಾಯಕ್ಕೆ ಪೇಟೆಂಟು ಪಡೆದಿದ್ದ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬಾತ ವಿಮಾನದ ಎಂಜಿನೊಂದನ್ನು ಕೊಲೊರಾಡೋದ ಪೈಕ್ಸ್ ಪೀಕ್ ಎಂಬ ನಾಲ್ಕು ಸಾವಿರದ ಮುನ್ನೂರು ಮೀಟರು ಎತ್ತರದ ಶಿಖರದ ಮೇಲೆ ಸಾಗಿಸಿ, ಅಲ್ಲಿಯ ತೆಳು ಗಾಳಿಯಲ್ಲಿಯೂ ಟರ್ಬೊವಿನ ಸಹಾಯದಿಂದ ಅದು ಸಮುದ್ರಮಟ್ಟದ ಶಕ್ತಿಯನ್ನೇ ಕೊಡುತ್ತದೆಂದು ತೋರಿಸಿದ. ಜನ ಕೊಳ್ಳುವ ಕಾರುಗಳಲ್ಲಿ ಅದು ಮೊದಲು ಬಂದದ್ದು 1962ರಲ್ಲಿ, ಅಮೆರಿಕದಲ್ಲಿಯೇ. ನಮ್ಮ ಪುಣೆಯೂ ಸಮುದ್ರಮಟ್ಟದಿಂದ ಐದುನೂರಾ ಅರವತ್ತು ಮೀಟರು ಎತ್ತರದಲ್ಲಿದೆ. ಮುಂಬಯಿಗಿಂತ ಇಲ್ಲಿ ಗಾಳಿಯ ಒತ್ತಡ ನೂರಕ್ಕೆ ಆರು ಪಾಲಿನಷ್ಟು ಕಡಿಮೆ. ಟರ್ಬೊ ಇಲ್ಲದ ಗಾಡಿ ಈ ಆರು ಪಾಲನ್ನು ಕಳೆದುಕೊಂಡೇ ಓಡುತ್ತದೆ. ಟರ್ಬೊ ಇದ್ದದ್ದು ಸ್ವಲ್ಪ ಹೆಚ್ಚು ತಿರುಗಿ ಅದನ್ನು ತುಂಬಿಕೊಳ್ಳುತ್ತದೆ.

ತಂಪು ಗಾಳಿಯ ಮಾತು ಬರುವುದು ಇಲ್ಲಿ. ಗಾಳಿ ತಂಪಾದಷ್ಟೂ ದಟ್ಟ, ಬಿಸಿಯಾದಷ್ಟೂ ತೆಳು. ಮೂರು ಡಿಗ್ರಿ ಬಿಸಿ ಏರಿದರೆ ನೂರಕ್ಕೆ ಸುಮಾರು ಒಂದು ಪಾಲು ಗಾಳಿ ಕಡಿಮೆಯಾಗುತ್ತದೆ ಎಂದು ಸ್ಥೂಲವಾಗಿ ಹೇಳಬಹುದು. ಆದುದರಿಂದ ಬಾನೆಟ್ಟಿನ ಕೆಳಗಿನ ಬಿಸಿ ಗಾಳಿಯನ್ನು ಬಿಟ್ಟು ಹೊರಗಿನ ತಂಪು ಗಾಳಿಯನ್ನು ತರುವುದು ಒಳ್ಳೆಯದೇ. ಟರ್ಬೊ ಇಲ್ಲದ ಎಂಜಿನಿಗೆ ಇದು ನೇರವಾದ ಲಾಭ. ಟರ್ಬೊ ಇರುವಲ್ಲಿ ಮಾತ್ರ ನಡುವೆ ಒಂದು ತೊಡಕುಂಟು. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ಬುಡ ಕೈಗೆ ಬಿಸಿಯಾಗುವುದನ್ನು ಎಲ್ಲರೂ ಕಂಡಿದ್ದೇವೆ. ಅದುಮಿದ ಗಾಳಿ ಬಿಸಿಯಾಗಲೇಬೇಕು. ಮೂವತ್ತು ಡಿಗ್ರಿಯ ಗಾಳಿಯನ್ನು ಟರ್ಬೊ ಒಂದೂಮುಕ್ಕಾಲು ಪಟ್ಟಿಗೂ ಮೀರಿ ಅದುಮಿದರೆ ಅದು ನೂರು ಡಿಗ್ರಿ ದಾಟಿ ಹೊರಬರುತ್ತದೆ. ಆ ಕುದಿಯುವ ಗಾಳಿಯನ್ನು ಮತ್ತೆ ತಣಿಸುವುದಕ್ಕೆ ಇಂಟರ್‌ಕೂಲರು ಎಂಬ ಇನ್ನೊಂದು ರೇಡಿಯೇಟರು ಇರುತ್ತದೆ. ಎಂಜಿನಿಗೆ ಕೊನೆಗೆ ದೊರೆಯುವ ಗಾಳಿ ಎಷ್ಟು ತಂಪು ಎಂಬುದು ಬಹುಮಟ್ಟಿಗೆ ಈ ಇಂಟರ್‌ಕೂಲರಿನ ಕೈಯಲ್ಲಿದೆ. ಮೂಗಿನ ಹತ್ತಿರ ನಾವು ಉಳಿಸಿದ ನಾಲ್ಕೆಂಟು ಡಿಗ್ರಿಯಲ್ಲಿ ಕೊನೆಗೆ ಒಂದೆರಡು ಡಿಗ್ರಿ ಉಳಿದರೆ ಅದೇ ಹೆಚ್ಚು.

ಇನ್ನೊಂದು ಸಂಗತಿ. ಈಗಿನ ಗಾಡಿಗಳಲ್ಲಿ ಒಳಗಿನ ಗಾಳಿಯ ಒತ್ತಡ ಎಷ್ಟಿರಬೇಕೆಂಬುದನ್ನು ಕಂಪ್ಯೂಟರು ಗೊತ್ತುಮಾಡುತ್ತದೆ. ಗೊತ್ತಾದ ಒತ್ತಡ ಬಂದೊಡನೆ ಹೆಚ್ಚಿನ ಹೊಗೆಯನ್ನು ಪಕ್ಕದ ಬಾಗಿಲಿನಿಂದ ಹೊರಗೆ ಬಿಟ್ಟುಬಿಡುತ್ತದೆ. ಮೂಗು ಎಷ್ಟೇ ಅಗಲವಾದರೂ ಕಂಪ್ಯೂಟರಿನ ಅಪ್ಪಣೆಗಿಂತ ಹೆಚ್ಚು ಒತ್ತಡ ಬರಲಾರದು. ಟರ್ಬೊವಿಗೆ ತುಸು ಶ್ರಮ ಕಡಿಮೆಯಾದೀತು, ಗಾಡಿ ತುಸು ಬೇಗ ಎದ್ದೀತು, ಅಷ್ಟೇ. ಕಂಪ್ಯೂಟರಿನ ಲೆಕ್ಕಪತ್ರವನ್ನೇ ತಿದ್ದಿ ಒತ್ತಡ ಹೆಚ್ಚಿಸಿದವರಿಗೆ ದೊಡ್ಡ ಮೂಗು ಬೇಕಾಗಬಹುದು. ನಮ್ಮ ಗಾಡಿ ಕಾರಖಾನೆಯಿಂದ ಬಂದ ಹಾಗೆಯೇ ಇತ್ತು.

ಇಷ್ಟನ್ನೆಲ್ಲ ನಾನು ಹೇಳಿದಾಗ ಚಿರಂಜೀವಿ, "ಲೆಕ್ಕ ಖರೆ; ಆದರ ಗೆಳ್ಯಾನ ಗಾಡಿ ಓಡಿಸಿ ನೋಡೀನಿ, ಫರಕ ಐತಿ" ಎಂದ. ಅನುಭವವನ್ನು ಲೆಕ್ಕದಿಂದ ಗೆಲ್ಲುವುದು ಸಾಧ್ಯವಿಲ್ಲ. ಅಳೆದು ನೋಡುವುದೊಂದೇ ದಾರಿ. ನಾನು ಮೂವತ್ತೈದು ವರ್ಷ ಭೋಸರಿಯ ಒಂದು ಕಾರಖಾನೆಯಲ್ಲಿ ಪಂಪು, ಬ್ಲೋವರುಗಳ ಪರೀಕ್ಷೆ ಮಾಡಿದವನು. ಗಾಳಿಯ ಅಡ್ಡಿಯನ್ನು ಅಳೆಯುವುದಕ್ಕೆ ಅಲ್ಲಿ ನಾವು ಬಳಸುತ್ತಿದ್ದ ಹಳೆಯ ಉಪಕರಣ ಎಷ್ಟು ಸುಲಭವೆಂದರೆ ಮಕ್ಕಳೂ ಮಾಡಬಹುದು. ಪಾರದರ್ಶಕವಾದ ಒಂದು ಪ್ಲಾಸ್ಟಿಕ್ ನಳಿಗೆಯನ್ನು ಕುದುರೆಲಾಳದಂತೆ ಬಗ್ಗಿಸಿ ಹಲಗೆಗೆ ಬಡಿದು, ಅರ್ಧಕ್ಕೆ ನೀರು ತುಂಬಿ, ನೀರು ಕಾಣುವಂತೆ ಒಂದು ಚಿಟಿಕೆ ಕುಂಕುಮ ಹಾಕಿ, ಪಕ್ಕದಲ್ಲಿ ಇಂಚುಪಟ್ಟಿ ಅಂಟಿಸಿದರೆ ಮುಗಿಯಿತು. ಒಂದು ತುದಿ ತೆರೆದ ಗಾಳಿಗೆ, ಇನ್ನೊಂದು ತುದಿ ಫಿಲ್ಟರಿನ ಆಚೆಗಿನ ಕೊಳವೆಗೆ. ಎಂಜಿನು ಎಷ್ಟು ಕಷ್ಟಪಟ್ಟು ಎಳೆಯುತ್ತದೆಯೋ ಅಷ್ಟು ಇಂಚು ನೀರು ಒಂದು ಕಡೆ ಇನ್ನೊಂದು ಕಡೆಗಿಂತ ಮೇಲೇರಿ ನಿಲ್ಲುತ್ತದೆ. ನೀರು ಎಂಜಿನಿನೊಳಕ್ಕೆ ಹೋಗದಂತೆ ನಳಿಗೆಯ ತೋಳುಗಳು ಎರಡೆರಡು ಅಡಿಯಾದರೂ ಉದ್ದವಿರಬೇಕು.

ಗಾಡಿಯ ಸ್ವಂತ ಕೊಳವೆಗೆ ತೂತು ಮಾಡಲು ಮನಸ್ಸಾಗಲಿಲ್ಲ. ಭಾನುವಾರ ಜುನಾ ಬಜಾರದಲ್ಲಿ ಹುಡುಕಿ ಅದೇ ಮಾದರಿಯ ಹಳೆಯ ಕೊಳವೆಯೊಂದನ್ನು ತಂದು ಅದಕ್ಕೆ ತೂತು ಕೊರೆದೆವು. ಮರುದಿನ ಬೆಳಗಿನ ಐದು ಗಂಟೆಗೆ, ರಸ್ತೆ ಖಾಲಿ ಇರುವಾಗ, ಕಾತ್ರಜದ ಹಳೆಯ ಘಾಟಿಗೆ ಹೋದೆವು. ಅವನು ನಡೆಸುವುದು, ನಾನು ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಓದುವುದು. ಅದೇ ಏರು, ಅದೇ ಎರಡನೆಯ ಗಿಯರು, ಎಂಜಿನಿನ ಸುತ್ತು ಅಷ್ಟೇ ಇರುವಾಗ ಪೆಡಲನ್ನು ಪೂರ್ಣ ಒತ್ತಿ, ಮೂರು ಮೂರು ಸಲ ನೋಡಿದೆವು. ಇಪ್ಪತ್ತು ಸಾವಿರ ಕಿಲೋಮೀಟರು ಓಡಿದ ಹಳೆಯ ಕಾಗದದ ಫಿಲ್ಟರಿಗೆ ನೀರು ಎಂಟು ಇಂಚು ಏರಿತು. ಹೊಸ ಕಾಗದದ ಫಿಲ್ಟರಿಗೆ ಐದು ಇಂಚು. ಮುಂದಿನ ವಾರ ಗೆಳೆಯನಿಂದ ಎರವಲು ತಂದ ಶಂಕುವಿನಾಕಾರದ ತೆರೆದ ಫಿಲ್ಟರನ್ನು ಕೂಡಿಸಿ ನೋಡಿದಾಗ ಮೂರು ಇಂಚು.

ಪುಣೆಯಲ್ಲಿ ವಾತಾವರಣದ ಒಟ್ಟು ಒತ್ತಡವನ್ನು ನೀರಿನ ಕಂಬದಲ್ಲಿ ಹೇಳುವುದಾದರೆ ಸುಮಾರು ಮುನ್ನೂರಾ ಎಂಬತ್ತು ಇಂಚು. ಎಂಟು ಇಂಚೆಂದರೆ ಅದರಲ್ಲಿ ನೂರಕ್ಕೆ ಎರಡು ಪಾಲು. ಮೂಗನ್ನೇ ಕಿತ್ತೆಸೆದರೂ ದೊರೆಯಬಹುದಾದ ಲಾಭ ಅಷ್ಟೇ. ಕೆಲವೇ ನೂರು ರೂಪಾಯಿಯ ಹೊಸ ಕಾಗದ ಮೂರು ಇಂಚನ್ನು ಮರಳಿ ಕೊಟ್ಟಿತು. ಸಾವಿರಾರು ರೂಪಾಯಿಯ ಶಂಕು ಅದಕ್ಕಿಂತ ಎರಡೇ ಇಂಚು ಹೆಚ್ಚು ಕೊಟ್ಟಿತು. ಅಂದರೆ ನೂರಕ್ಕೆ ಅರ್ಧ ಪಾಲು. ಈ ಲೆಕ್ಕವನ್ನು ಅವನೇ ಮಾಡಿದ. ಘಾಟಿನ ಮೇಲೆ ಗಾಡಿ ನಿಲ್ಲಿಸಿ, ಚಹಾ ಕುಡಿಯುತ್ತ, ಬಿಸ್ಕೀಟಿನ ಪೊಟ್ಟಣದ ಹಿಂಬದಿಯಲ್ಲಿ ಮಾಡಿದ.

ಶಂಕುವಿನ ಪರೀಕ್ಷೆ ಅಲ್ಲಿಗೇ ಮುಗಿಯಲಿಲ್ಲ. ಅದು ಪೆಟ್ಟಿಗೆಯಿಲ್ಲದೆ ಬಾನೆಟ್ಟಿನ ಕೆಳಗೆ ಬೆತ್ತಲೆಯಾಗಿ ಕುಳಿತಿರುತ್ತದೆ. ಅದರ ಪಕ್ಕದಲ್ಲಿ ಒಂದು ತಂತಿಯ ಥರ್ಮಾಮೀಟರು, ಕಾರಖಾನೆಯ ಮೂಗಿನ ಬಾಯಿಯಲ್ಲಿ ಇನ್ನೊಂದು ಇಟ್ಟೆವು. ಘಾಟು ಏರಿ ಬಂದು ನಿಂತು ನಿಂತು ಸಾಗುವಾಗ ಹೊರಗೆ 27 ಡಿಗ್ರಿ ಇದ್ದರೆ ಶಂಕುವಿನ ಬಳಿ 57 ತೋರಿಸಿತು. ಮೂವತ್ತು ಡಿಗ್ರಿಯ ಅಂತರವೆಂದರೆ ನೂರಕ್ಕೆ ಒಂಬತ್ತು ಪಾಲು ಗಾಳಿ ತೆಳುವಾಯಿತು. ನ್ಯಾಯವಾಗಿ ಹೇಳಬೇಕೆಂದರೆ, ಗಾಡಿ ಓಡತೊಡಗಿದ ಮೇಲೆ ಆ ಬಿಸಿ ಇಳಿಯಿತು. ಇಂಟರ್‌ಕೂಲರೂ ಅದರ ಬಹುಭಾಗವನ್ನು ಸರಿಪಡಿಸುತ್ತದೆ. ಆದರೂ ತಂಪು ಗಾಳಿಯ ಹೆಸರಿನಲ್ಲಿ ಮಾರುವ ವಸ್ತು ಪುಣೆಯ ಸಿಗ್ನಲುಗಳಲ್ಲಿ ಬಿಸಿ ಗಾಳಿಯನ್ನೇ ಕುಡಿಯುತ್ತದೆಂಬುದು ವಿನೋದವಲ್ಲವೆ?

ಬಿಸಿಯನ್ನು ತಪ್ಪಿಸಲು ಇನ್ನೊಂದು ಬಗೆಯ ಮೂಗು ಇದೆ. ಉದ್ದವಾದ ಕೊಳವೆಯನ್ನು ಬಂಪರಿನ ಕೆಳಮೂಲೆಯವರೆಗೆ ಇಳಿಸಿ ಅಲ್ಲಿ ಫಿಲ್ಟರನ್ನು ಕೂಡಿಸುವುದು. ತಂಪು ಗಾಳಿಯೇನೋ ನಿಜವಾಗಿ ದೊರೆಯುತ್ತದೆ. ಒಣ ಹವೆಯ ದೇಶಗಳಲ್ಲಿ ಅದು ಚೆನ್ನಾಗಿಯೇ ನಡೆದೀತು. ಆದರೆ ಸಹ್ಯಾದ್ರಿಯ ಮಡಿಲಿನಲ್ಲಿ ನಾಲ್ಕು ತಿಂಗಳು ಮಳೆಗಾಲ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಇಪ್ಪತ್ನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ಸುರಿದದ್ದನ್ನು ಆ ದಿನ ಅಲ್ಲಿದ್ದವರು ಮರೆಯಲಾರರು. ಅಷ್ಟು ದೊಡ್ಡ ಮಳೆ ಬೇಡ. ಮೊಣಕಾಲುದ್ದ ನೀರಿನಲ್ಲಿ ಗಾಡಿ ಸಾಗಿದರೂ ಬಂಪರಿನ ಮೂಲೆಯ ಮೂಗು ನೀರಿನಲ್ಲಿ ಮುಳುಗುತ್ತದೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಸಿಲಿಂಡರಿನೊಳಗೆ ಒಂದು ಲೋಟ ನೀರು ಹೋದರೂ ಮೇಲೇರುವ ಪಿಸ್ಟನ್ನು ಅಲ್ಲಿಯೇ ತಡೆದು ನಿಂತು ಅದರ ದಂಡ ಬಾಗಿಹೋಗುತ್ತದೆ. ಆಮೇಲೆ ಎಂಜಿನನ್ನು ಬಿಚ್ಚಿ ಹರಡಲೇಬೇಕು. ಕಾರಖಾನೆಯವರು ಮೂಗಿನ ಬಾಯಿಯನ್ನು ರೇಡಿಯೇಟರಿನ ನೆತ್ತಿಯ ಹತ್ತಿರ, ಎತ್ತರದಲ್ಲಿ ಇಟ್ಟದ್ದು ಸುಮ್ಮನೆ ಅಲ್ಲ.

ಮೂರನೆಯ ಬಗೆ ಮುಚ್ಚಿದ ಪೆಟ್ಟಿಗೆಯದು. ದೊಡ್ಡ ಫಿಲ್ಟರು, ಸುತ್ತಲೂ ಬಿಸಿ ತಡೆಯುವ ಕವಚ, ಗಾಳಿ ಮಾತ್ರ ಹಳೆಯ ಎತ್ತರದ ಬಾಯಿಯಿಂದಲೇ. ಬೆಲೆ ಹೆಚ್ಚಾದರೂ ಮೂರರಲ್ಲಿ ಮರ್ಯಾದಸ್ಥ ಇದೇ. ನಾಲ್ಕನೆಯದು, ಕಾರಖಾನೆಯ ಪೆಟ್ಟಿಗೆಯನ್ನು ಹಾಗೆಯೇ ಉಳಿಸಿ ಒಳಗಿನ ಕಾಗದದ ಬದಲು ಎಣ್ಣೆ ಸವರಿದ ಅರಳೆಬಟ್ಟೆಯ ಫಿಲ್ಟರನ್ನು ಕೂಡಿಸುವುದು. ಇದನ್ನು ತೊಳೆದು, ಒಣಗಿಸಿ, ಮತ್ತೆ ಎಣ್ಣೆ ಹಚ್ಚಿ ವರ್ಷಾನುಗಟ್ಟಲೆ ಬಳಸಬಹುದು. ಎಣ್ಣೆ ಹೆಚ್ಚಾದರೆ ಕೆಲವು ಎಂಜಿನುಗಳಲ್ಲಿ ಗಾಳಿಯನ್ನು ಅಳೆಯುವ ಸೂಕ್ಷ್ಮ ತಂತಿಯ ಮೇಲೆ ಅದು ಹೋಗಿ ಕೂತು ಲೆಕ್ಕ ತಪ್ಪಿಸುವುದುಂಟು.

ಈ ನಾಲ್ಕನೆಯದರ ಕಡೆಗೆ ಇಬ್ಬರ ಮನಸ್ಸೂ ವಾಲುತ್ತಿದ್ದ ಹೊತ್ತಿನಲ್ಲಿ ನನ್ನ ತಾಯಿ ಧಾರವಾಡದಿಂದ ಬಂದಿದ್ದಳು. ಎರಡೂ ಫಿಲ್ಟರುಗಳು ಪಡಸಾಲೆಯಲ್ಲಿ ಬಿದ್ದಿದ್ದವು. ಅವಳು ಅರಳೆಬಟ್ಟೆಯದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಸಣ್ಣ ಸಣ್ಣ ಬೆಳಕಿನ ಚುಕ್ಕೆಗಳು ಕಂಡವು. "ಇದು ಧೂಳ ಹಿಡಿತೈತೇನಪಾ, ಇಲ್ಲಾ ಬರೇ ಗಾಳಿ ಬಿಡತೈತೋ?" ಎಂದು ಕೇಳಿದಳು.

ಅವಳು ಹಾಗೇಕೆ ಕೇಳಿದಳೆಂಬುದು ನನಗೆ ತಿಳಿಯಿತು, ಚಿರಂಜೀವಿಗೆ ತಿಳಿಯಲಿಲ್ಲ. ನನ್ನ ತಂದೆ ಮುಂಬಯಿಯಲ್ಲಿ ಒಂದು ಹತ್ತಿಯ ಗಿರಣಿಯ ಕಾರ್ಡಿಂಗ್ ಖಾತೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದರು. ಹತ್ತಿಯನ್ನು ಬಾಚಿ ಬಿಡಿಸುವ ಖಾತೆ ಅದು. ಗಾಳಿಯಲ್ಲಿ ಹಗಲಿರುಳು ನುಣ್ಣನೆಯ ಅರಳೆಯ ಧೂಳು. ಗಾಳಿಗೆ ಅಲ್ಲಿ ಕೊರತೆ ಇರಲಿಲ್ಲ, ಎತ್ತರದ ಮಾಳಿಗೆ, ಸಾಲು ಕಿಟಕಿಗಳು. ಭಾನುವಾರ ರಜೆಯಲ್ಲಿ ಸರಿಯಾಗಿದ್ದ ಎದೆ ಸೋಮವಾರ ಸಂಜೆ ಬಿಗಿದುಕೊಳ್ಳುತ್ತಿತ್ತು. ಆ ಕಾಯಿಲೆಗೆ ಬಿಸಿನೋಸಿಸ್ ಎಂದು ಹೆಸರೆಂದೂ, ಸೋಮವಾರದ ಆ ಬಿಗಿತವೇ ಅದರ ಗುರುತೆಂದೂ ನಾನು ಬಹಳ ತಡವಾಗಿ ಓದಿ ತಿಳಿದೆ. ತಾಯಿ ದಿನವೂ ಒಂದು ಒದ್ದೆ ಪಾವಡ ಮಡಿಸಿ ಬುತ್ತಿಯ ಜೊತೆಗೆ ಕಟ್ಟಿಕೊಡುತ್ತಿದ್ದಳು, ಮೂಗಿಗೆ ಕಟ್ಟಿಕೊಳ್ಳಲೆಂದು. ಒದ್ದೆ ಬಟ್ಟೆ ಕಟ್ಟಿಕೊಂಡರೆ ಉಸಿರು ಸಾಲದು, ಕೆಲಸ ಸಾಗದು ಎಂದು ತಂದೆ ಅದನ್ನು ಹಾಗೆಯೇ ಮರಳಿ ತರುತ್ತಿದ್ದರು. 1980ರಲ್ಲಿ, ಐವತ್ತು ತುಂಬುವ ಮೊದಲೇ, ತೀರಿಕೊಂಡರು. ಈ ಕಥೆಯನ್ನು ಆ ದಿನ ಪಡಸಾಲೆಯಲ್ಲಿ ಕುಳಿತು ಅಜ್ಜಿಯೇ ಮೊಮ್ಮಗನಿಗೆ ಹೇಳಿದಳು. ಅವನು ಅಜ್ಜನ ಫೋಟೋ ಕಂಡಿದ್ದ, ಕಥೆ ಕೇಳಿರಲಿಲ್ಲ.

ಎಂಜಿನು ಮನುಷ್ಯನಲ್ಲ, ಆದರೆ ಧೂಳಿನ ವಿಷಯದಲ್ಲಿ ಇಬ್ಬರ ಹಣೆಬರಹವೂ ಒಂದೇ. ರಸ್ತೆಯ ಧೂಳಿನಲ್ಲಿ ಬಹುಪಾಲು ಬೆಣಚುಕಲ್ಲಿನ ಪುಡಿ. ಅದು ಎಂಜಿನಿನ ಉಕ್ಕು, ಕಬ್ಬಿಣಗಳಿಗಿಂತ ಗಟ್ಟಿ. ಕೂದಲಿನ ದಪ್ಪದ ಹತ್ತನೆಯ ಒಂದು ಪಾಲಿನಷ್ಟು ಸಣ್ಣ ಕಣ ಪಿಸ್ಟನ್ನಿನ ಬಳೆಗೂ ಸಿಲಿಂಡರಿನ ಗೋಡೆಗೂ ನಡುವೆ ಸಿಕ್ಕಿ ಮರಳುಕಾಗದದಂತೆ ಉಜ್ಜುತ್ತದೆ. ಅದಕ್ಕೂ ಮೊದಲು, ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಟರ್ಬೊವಿನ ಅಲಗುಗಳಿಗೆ ಬಡಿಯುತ್ತದೆ. ಒಂದು ದಿನದಲ್ಲಿ ಏನೂ ಕಾಣುವುದಿಲ್ಲ. ಕೆಲವು ವರ್ಷಗಳ ಮೇಲೆ ಎಣ್ಣೆ ಸುಡುವ ನೀಲಿ ಹೊಗೆ ಕಂಡಾಗ ಯಾರೂ ಫಿಲ್ಟರನ್ನು ನೆನೆಯುವುದಿಲ್ಲ.

ಫಿಲ್ಟರು ಎಷ್ಟು ಧೂಳು ಹಿಡಿಯುತ್ತದೆಂಬುದನ್ನು ಅಳೆಯಲು ಐ.ಎಸ್.ಓ. 5011 ಎಂಬ ಪರೀಕ್ಷಾಕ್ರಮವುಂಟು. ಮಾರುವವರನ್ನು 'ಎಷ್ಟು ಗಾಳಿ ಬಿಡುತ್ತದೆ' ಎಂದು ಕೇಳುವ ಮೊದಲು 'ಆ ಪರೀಕ್ಷೆಯಲ್ಲಿ ನೂರಕ್ಕೆ ಎಷ್ಟು ಧೂಳು ಹಿಡಿದಿದೆ' ಎಂದು ಕೇಳಬೇಕು. ಒಳ್ಳೆಯ ಕಾಗದದ ಫಿಲ್ಟರು ನುಣ್ಣನೆಯ ಧೂಳನ್ನು ಹಿಡಿಯುವುದರಲ್ಲಿ ಸಾಮಾನ್ಯವಾಗಿ ಅರಳೆಬಟ್ಟೆಗಿಂತ ಮುಂದು. ಇನ್ನೊಂದು ವಿಚಿತ್ರವೇನೆಂದರೆ, ಕಾಗದದ ಮೇಲೆ ತೆಳುವಾಗಿ ಧೂಳು ಕೂತಮೇಲೆ ಆ ಧೂಳೇ ಹೊಸ ಧೂಳನ್ನು ತಡೆಯತೊಡಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಬಿಚ್ಚಿ ಕೊಡವುವುದೂ, ಜೋರು ಗಾಳಿಯಿಂದ ಊದಿಸುವುದೂ ಉಪಕಾರವಲ್ಲ. ಕಾಗದ ಹರಿಯುವ ಭಯ ಬೇರೆ.

ಕಾಯಿದೆಯ ಮಾತನ್ನೂ ಒಂದಿಷ್ಟು ಹೇಳಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸಬಾರದೆನ್ನುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನೇ ಎತ್ತಿ ಹಿಡಿಯಿತು. ಅದೇ ಪೆಟ್ಟಿಗೆಯಲ್ಲಿ ಅದೇ ಅಳತೆಯ ಫಿಲ್ಟರು ಕೂಡಿಸಿದರೆ ಯಾರ ತಕರಾರೂ ಬರಲಿಕ್ಕಿಲ್ಲ. ಕೊಳವೆ ಕೊಯ್ದು, ಕಂಪ್ಯೂಟರು ತಿದ್ದಿದ ಗಾಡಿಗೆ ಅಪಘಾತವಾದರೆ ವಿಮೆಯವರು ನೂರು ಪ್ರಶ್ನೆ ಕೇಳುತ್ತಾರೆ. ಗ್ಯಾರಂಟಿಯ ಅವಧಿಯಲ್ಲಿರುವವರಂತೂ ಮೊದಲೇ ಬರಹದಲ್ಲಿ ವಿಚಾರಿಸಿಕೊಳ್ಳುವುದು ಮೇಲು.

ಕೊನೆಗೆ ಏನು ಆರಿಸಿದೆವು? ಕಾರಖಾನೆಯ ಪೆಟ್ಟಿಗೆ, ಕಾರಖಾನೆಯ ಎತ್ತರದ ಬಾಯಿ, ಒಳ್ಳೆಯ ಕಾಗದದ ಹೊಸ ಫಿಲ್ಟರು. ಪೆಟ್ಟಿಗೆಯ ಮೂಲೆಯಲ್ಲಿ ಕೂಡಿದ್ದ ಎಲೆ, ರೆಕ್ಕೆಹುಳುಗಳನ್ನು ತೆಗೆದೆವು. ಮುಚ್ಚಳದ ರಬ್ಬರು ಅಂಚು ಒಂದು ಕಡೆ ಸಡಿಲಾಗಿತ್ತು. ಆ ಸಂದಿಯಿಂದ ಧೂಳು ಫಿಲ್ಟರನ್ನು ತಪ್ಪಿಸಿ ಒಳಹೋಗುತ್ತಿದ್ದ ಗುರುತು ಕಂಡಿತು. ಅದನ್ನು ಬದಲಿಸಿದೆವು. ಇಂಟರ್‌ಕೂಲರಿನ ರೆಕ್ಕೆಗಳ ನಡುವಿನ ಕೆಸರನ್ನು ಮೆಲ್ಲಗೆ ನೀರುಬಿಟ್ಟು ತೊಳೆದೆವು. ಎಲ್ಲ ಸೇರಿ ಎರಡು ಸಾವಿರ ರೂಪಾಯಿಯೊಳಗೆ ಆಯಿತು. ಉಳಿದ ಹಣದಲ್ಲಿ ಅವನು ನಾಲ್ಕು ಹೊಸ ಟಾಯರು ಹಾಕಿಸಿದ. ಅವು ಘಾಟಿನಲ್ಲಿ ಮಳೆಯ ದಿನ ಪ್ರಾಣ ಉಳಿಸುವಂಥವು.

ಒಂದು ಮಾತನ್ನು ಮಾತ್ರ ಅವನ ಪಕ್ಷದಿಂದ ಹೇಳಲೇಬೇಕು. ಶಂಕುವನ್ನು ಬಿಚ್ಚುವ ಮೊದಲು ಅವನು ನನ್ನನ್ನು ಕೂಡಿಸಿಕೊಂಡು ಮತ್ತೊಂದು ಸಲ ಘಾಟು ಏರಿದ. ಪೆಡಲು ಒತ್ತಿದಾಗ ಟರ್ಬೊ ಗಾಳಿಯನ್ನು ಎಳೆದುಕೊಳ್ಳುವ ಸುಯ್ಯೆಂಬ ಸದ್ದು, ಬಿಟ್ಟಾಗ ನಿಟ್ಟುಸಿರಿನಂಥ ಇನ್ನೊಂದು ಸದ್ದು ಸ್ಪಷ್ಟವಾಗಿ ಕೇಳಿಸಿತು. ಪೆಟ್ಟಿಗೆಯೊಳಗೆ ಅದು ಕೇಳಿಸುವುದಿಲ್ಲ. "ಫರಕ ಅಂದ್ನೆಲ್ಲ, ಇದs ಅದು" ಎಂದ. ಮೂವತ್ತೈದು ವರ್ಷ ಬ್ಲೋವರುಗಳ ಸದ್ದನ್ನು ಕೇಳಿದ ಕಿವಿ ನನ್ನದು. ಅದು ಇಂಪಾದ ಸದ್ದೆಂದು ಒಪ್ಪಿಕೊಂಡೆ. ಯಾರಿಗಾದರೂ ಆ ಸದ್ದಿಗಾಗಿಯೇ ಹಣ ಕೊಡಬೇಕೆನಿಸಿದರೆ ಕೊಡಲಿ, ಸಂಗೀತಕ್ಕೂ ನಾವು ಹಣ ಕೊಡುತ್ತೇವೆ. ಆದರೆ ಮುಚ್ಚಿದ ಪೆಟ್ಟಿಗೆಯದನ್ನೇ ಆರಿಸಲಿ, ಧೂಳಿನ ಅಂಕಿ ಕೇಳಿ ಆರಿಸಲಿ, ಮತ್ತು ಅದನ್ನು ಶಕ್ತಿಯೆಂದು ಲೆಕ್ಕ ಬರೆಯದಿರಲಿ.

ಕುದುರೆಲಾಳದ ನಳಿಗೆ ಈಗಲೂ ನಮ್ಮ ಮನೆಯ ಬಾಗಿಲ ಹಿಂದೆ ಮೊಳೆಗೆ ತೂಗುಬಿದ್ದಿದೆ. ಇಂಥದೇ ಚರ್ಚೆ ನಡೆದಿರುವ ಮನೆಯವರು ಯಾರಾದರೂ ಇದ್ದರೆ ಸಂಘದ ಮುಂದಿನ ಕೂಟದಲ್ಲಿ ನನ್ನನ್ನು ಕೇಳಬಹುದು. ಒಂದು ವಾರದ ಮಟ್ಟಿಗೆ ಕೊಡುತ್ತೇನೆ. ಕುಂಕುಮ ಮಾತ್ರ ತಮ್ಮ ಮನೆಯದೇ ಹಾಕಿಕೊಳ್ಳಬೇಕು.